ನಾಲ್ಕು ಬುಧವಾರ, ಒಂದು ಕೈಮ ಕ್ಯಾಸರೋಲ್

ನಮ್ಮ ಮನೆಯಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಮದುವೆಯ ಉಡುಗೊರೆಯಾಗಿ ಬಂದವು ಮೂರು, ಗೃಹಪ್ರವೇಶಕ್ಕೆ ಬಂದದ್ದು ಒಂದು. ನಾಲ್ಕರಲ್ಲಿ ಎರಡು ಇನ್ನೂ ರಟ್ಟಿನ ಪೆಟ್ಟಿಗೆಯಿಂದ ಹೊರಬಂದಿಲ್ಲ. ಹಾಗಾಗಿ "ಬುಧವಾರ ರಾತ್ರಿ ಕ್ಯಾಸರೋಲ್ ಮಾಡುತ್ತೇನೆ" ಎಂದಾಗ ಅಮ್ಮ "ಇರುವ ನಾಲ್ಕು ಸಾಲದೇ?" ಎಂದು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಮಾಡಹೊರಟದ್ದು ಊಟ. ಪದ ಫ್ರೆಂಚರದು, ಅವರಲ್ಲೂ ಅದು ಪಾತ್ರೆಯ ಹೆಸರೇ. ಅಮೆರಿಕದವರು ಆ ಪಾತ್ರೆಯಲ್ಲಿ ಬೇಯುವ ಅಡುಗೆಗೂ ಅದನ್ನೇ ಅಂಟಿಸಿದರು. 1934ರಲ್ಲಿ ಕ್ಯಾಂಪ್‌ಬೆಲ್ ಕಂಪನಿ ಅಣಬೆಯ ಗಟ್ಟಿ ಸೂಪನ್ನು ತಗಡಿನ ಡಬ್ಬಿಯಲ್ಲಿ ಮಾರತೊಡಗಿದ ಮೇಲಂತೂ ಅಲ್ಲಿನ ಮನೆಗಳಲ್ಲಿ ಸಾಸ್ ಕಾಯಿಸುವ ಕೆಲಸವೂ ತಪ್ಪಿತು. ಒಂದು ಪೌಂಡ್ ಕೈಮ ಹುರಿ, ಬೆಂದ ಮ್ಯಾಕರೋನಿ ಬೆರೆಸು, ಡಬ್ಬಿಯ ಸೂಪು ಸುರಿ, ಮೇಲೆ ಚೀಸ್ ಉದುರಿಸು, ಅರ್ಧ ಗಂಟೆ ಓವನ್ನಿಗೆ ತಳ್ಳು. ಒಂದೇ ಪಾತ್ರೆ ಊಟಕ್ಕೆ ಬರುತ್ತದೆ, ಒಂದೇ ಪಾತ್ರೆ ತೊಳೆಯಲು ಹೋಗುತ್ತದೆ ಎಂಬುದು ಅದರ ಹೆಗ್ಗಳಿಕೆ. ಈ ಕೊನೆಯ ಮಾತು ಶುದ್ಧ ಸುಳ್ಳು. ಅದಕ್ಕೆ ಆಮೇಲೆ ಬರುತ್ತೇನೆ.

ಬುಧವಾರವೇ ಏಕೆಂದರೆ, ಸೋಮವಾರ ಮತ್ತು ಶನಿವಾರ ನಮ್ಮ ಒಲೆಯ ಮೇಲೆ ಮಾಂಸ ಏರುವುದಿಲ್ಲ. ಭಾನುವಾರದ ಬಾಡೂಟ ಅಮ್ಮನ ರಾಜ್ಯಭಾರ. ಅಲ್ಲಿ ನನಗಿರುವುದು ಈರುಳ್ಳಿ ಹೆಚ್ಚುವಷ್ಟು ಅಧಿಕಾರ ಮಾತ್ರ. ಬುಧವಾರ ಹೆಂಡತಿ ಕಚೇರಿಯಿಂದ ಬರುವುದು ಎಂಟೂವರೆಗೆ, ಆದ್ದರಿಂದ ಅಂದಿನ ರಾತ್ರಿಯಡುಗೆ ನನ್ನದು. ನಾನು ಮೈಸೂರಿನ ಒಂದು ಕಾರ್ಖಾನೆಯ ನಿರ್ವಹಣಾ ವಿಭಾಗದವನು. ಸಂಜೆಯ ರೈಲು ಹಿಡಿದು ಮಂಡ್ಯದಲ್ಲಿಳಿದು ಮನೆ ಸೇರುವಾಗ ಏಳು ಗಂಟೆ. ಕೈಯಲ್ಲಿ ಒಂದೂವರೆ ಗಂಟೆ. ಇಷ್ಟು ದಿನ ಅದು ಮೊಟ್ಟೆ ಸಾರು ಮತ್ತು ಅನ್ನದಲ್ಲಿ ಮುಗಿಯುತ್ತಿತ್ತು; ಮಗಳು "ಬುಧವಾರ ಎಂದರೆ ಮೊಟ್ಟೆವಾರ" ಎಂದು ಹೆಸರಿಟ್ಟ ದಿನ ಈ ಕೆಲಸಕ್ಕೆ ಕೈ ಹಾಕಿದೆ. ಕೆಟ್ಟ ಯಂತ್ರ ಬಿಚ್ಚಿದಾಗ ಏನು ಕಂಡಿತು ಎಂದು ಬರೆದಿಡುವುದು ಹೊಟ್ಟೆಪಾಡಿನ ಅಭ್ಯಾಸ. ಇದನ್ನೂ ಹಾಗೆಯೇ ಬರೆದಿಟ್ಟೆ.

ಮೂಲದಲ್ಲಿರುವುದು ದನದ ಮಾಂಸದ ಕೈಮ, ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ಪಾಲು ಕೊಬ್ಬಿರುವಂಥದ್ದು. ನಮ್ಮ ಮನೆಗೆ ಬರುವುದು ಕುರಿಯದು. ಪೇಟೆಯಲ್ಲಿ ಬನ್ನೂರು ಕುರಿ ಎಂದು ಹೆಸರಾದ, ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರನ್ನೂ ಹೊತ್ತ ಕುಳ್ಳುಕಾಲಿನ, ಪೀಪಾಯಿ ಮೈಯ ತಳಿ ನಮ್ಮ ಜಿಲ್ಲೆಯದು. ಅಂಥ ಊರಿನಲ್ಲಿದ್ದುಕೊಂಡು ಬೇರೆ ಮಾಂಸದ ಮಾತೆತ್ತಲು ಅಮ್ಮ ಬಿಡುವುದಿಲ್ಲ. ಹಾಗೆಂದು ಅಸಲಿ ಬಂಡೂರು ಮಾಂಸವನ್ನು ಚೀಸ್‌ನ ಕೆಳಗೆ ಹೂಳುವುದು ದುಂದು. ಅದು ಸಿಕ್ಕಿದರೆ ಸಾರಿಗೆ ಹೋಗಲಿ, ಇದಕ್ಕೆ ಅಂಗಡಿಯ ಸಾಧಾರಣ ಕುರಿ ಸಾಕು. ಒಂದು ಎಚ್ಚರ ಮಾತ್ರ ಬೇಕು: ಕುರಿಯ ಕೊಬ್ಬು ತಟ್ಟೆಯಲ್ಲಿ ಆರುತ್ತಿದ್ದಂತೆ ಗಟ್ಟಿಯಾಗಿ ಅಂಗುಳಕ್ಕೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ತೊಡೆಯ ಭಾಗ ಕೇಳಿ, ಬಿಳಿ ಕೊಬ್ಬನ್ನು ತೆಗೆಸಿ, ಯಂತ್ರದಲ್ಲಿ ಎರಡು ಸಲ ಆಡಿಸಿಕೊಂಡು ಬಂದರೆ ಆ ತೊಂದರೆಯೂ ಇಲ್ಲ, ಬೇಯಲು ಕುಕ್ಕರಿನ ಸೀಟಿಯೂ ಬೇಕಿಲ್ಲ.

ಪಾತ್ರೆಯ ಲೆಕ್ಕ ಮೊದಲೇ ಹಾಕಬೇಕಾಯಿತು. ಅಮೆರಿಕದ ಪಾಕಗಳಲ್ಲಿ ಅನೇಕವು 9 ಇಂಚು ಅಗಲ, 13 ಇಂಚು ಉದ್ದದ ತಟ್ಟೆಯನ್ನು ಹಿಡಿದು ಬರೆದವು. ನಮ್ಮದು 28 ಲೀಟರಿನ ಓಟಿಜಿ, ಅಂದರೆ ಕಟ್ಟೆಯ ಮೇಲಿಡುವ ಸಣ್ಣ ವಿದ್ಯುತ್ ಓವನ್; ಆ ತಟ್ಟೆಯ ಕಿವಿಗಳು ಬಾಗಿಲಿಗೇ ತಾಗುತ್ತವೆ. 8 ಇಂಚಿನ ಚೌಕದ ಗಾಜಿನ ಪಾತ್ರೆ ಆರಾಮಾಗಿ ಕೂರುತ್ತದೆ. 117 ಚದರ ಇಂಚು ಎಲ್ಲಿ, 64 ಎಲ್ಲಿ. ಹಾಗಾಗಿ ಅವರ ದೊಡ್ಡ ತಟ್ಟೆಯ ಅಳತೆಗಳನ್ನು ಹೆಚ್ಚುಕಡಿಮೆ ಅರ್ಧ ಮಾಡಿಕೊಂಡರೆ ಸರಿ. ಐದು ಜನರ ನಮ್ಮ ಮನೆಗೆ ಅದು ಸಾಕೂ ಸಾಕು.

ಮೊದಲ ಬುಧವಾರ ಕೈಮದ ವಿಚಾರ ತಲೆಗೆ ಬರುವ ಮೊದಲೇ ಮೂಗಿಗೆ ಬೇರೊಂದು ವಾಸನೆ ಬಂತು. ಓಟಿಜಿಯನ್ನು ಅಡುಗೆಮನೆಯ ಮೂಲೆಯ 6 ಆಂಪಿಯರ್ ಸಾಕೆಟ್ಟಿಗೆ, ಅದೂ ಮಿಕ್ಸಿಯ ಜೊತೆ ಹಂಚಿಕೊಳ್ಳುವ ಮಲ್ಟಿಪ್ಲಗ್‌ಗೆ ಸಿಕ್ಕಿಸಿದ್ದೆ. 1500 ವ್ಯಾಟ್‌ನ ಯಂತ್ರ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ ಎಂದು ಭಾಗಾಕಾರ ಮಾಡಲು ನನಗೆ ಎರಡು ಕ್ಷಣ ಸಾಕಿತ್ತು. ಹಗಲೆಲ್ಲ ಇತರರಿಗೆ ಇದನ್ನೇ ಬೋಧಿಸುವವನು ನಾನು. ಇಪ್ಪತ್ತು ನಿಮಿಷಕ್ಕೆ ಮಲ್ಟಿಪ್ಲಗ್‌ನ ಒಂದು ತೂತು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಅಂದಿನಿಂದ ಓಟಿಜಿ ಫ್ರಿಜ್ಜಿನ ಪಕ್ಕದ 16 ಆಂಪಿಯರ್ ಸಾಕೆಟ್ಟಿನಲ್ಲಿದೆ. ನಿಮ್ಮ ಮನೆಯಲ್ಲಿ ಗೀಸರಿಗೆ ಇರುವಂಥ ದಪ್ಪ ಪಿನ್ನಿನ ಸಾಕೆಟ್ಟು ಅಡುಗೆಮನೆಯಲ್ಲಿ ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಆಮೇಲೆ ಕಟುಕನ ಅಂಗಡಿಗೆ ಹೋಗಿ.

ಅಂದಿನ ಊಟದ ಬಗ್ಗೆ ಹೇಳುವುದಾದರೆ, ಚಮಚ ಇಳಿಸಿದ ಕೂಡಲೇ ಗುಂಡಿಯಲ್ಲಿ ನೀರು ಒಸರಿತು. ಮೇಲೆ ಚೀಸ್ ಕರಿದಾಗಿತ್ತು, ನಡುವೆ ಮ್ಯಾಕರೋನಿ ಅಂಬಲಿಯಾಗಿತ್ತು, ತಳದಲ್ಲಿ ಒಂದು ಬೆರಳು ಕೆಂಪು ನೀರು ನಿಂತಿತ್ತು. ಮಗ ಅದನ್ನು "ಕೆರೆ" ಎಂದ. ಅಮ್ಮ ಏನೂ ಹೇಳದೆ ಮುದ್ದೆ ತಂದು ಆ ನೀರಿಗೆ ಅದ್ದಿಕೊಂಡು ಉಂಡರು. ರುಚಿಯಲ್ಲಿ ದೋಷವಿಲ್ಲ, ಸಾರೆಂದು ಹೇಳಿದ್ದರೆ ಸಾಕಿತ್ತು ಎಂದರು.

ಚೀಸ್ ಕರಿದಾಗಿದ್ದರ ಕಾರಣ ಸುಲಭವಾಗಿ ಸಿಕ್ಕಿತು. ಓವನ್ನಿನೊಳಗೆ ಇಡುವ ಒಂದು ಸಣ್ಣ ಉಷ್ಣಮಾಪಕ ತಂದು ನೋಡಿದೆ. ಗುಬುಟನ್ನು 180ಕ್ಕೆ ತಿರುಗಿಸಿ ಹತ್ತು ನಿಮಿಷ ಕಾದರೆ ಮುಳ್ಳು 140ರಲ್ಲಿತ್ತು. 180 ಮುಟ್ಟಲು ಹದಿನೆಂಟು ನಿಮಿಷ ಬೇಕಾಯಿತು. ಆಮೇಲೂ ಅದು ನಿಲ್ಲುವುದಿಲ್ಲ, 165ಕ್ಕೂ 200ಕ್ಕೂ ನಡುವೆ ಉಯ್ಯಾಲೆಯಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಣ್ಣ ಓವನ್ನಿನಲ್ಲಿ ಮೇಲಿನ ಕಾಯುವ ಸರಳು ಪಾತ್ರೆಯ ಬಾಯಿಗೆ ನಾಲ್ಕು ಬೆರಳು ದೂರದಲ್ಲಿರುತ್ತದೆ. ಪಾತ್ರೆಯನ್ನು ಅತಿ ಕೆಳಗಿನ ಹಂತದಲ್ಲಿಟ್ಟು, ಮೊದಲು ಹದಿನೈದು ನಿಮಿಷ ಅಲ್ಯೂಮಿನಿಯಂ ಹಾಳೆ ಮುಚ್ಚಿ, ಕೊನೆಯ ಹತ್ತು ನಿಮಿಷ ತೆರೆದರೆ ಚೀಸ್ ಬಂಗಾರದ ಬಣ್ಣಕ್ಕೆ ನಿಲ್ಲುತ್ತದೆ. ಇದರಲ್ಲಿ ಮತ್ತೆ ತೊಂದರೆ ಬರಲಿಲ್ಲ.

ನೀರಿನದು ಹಾಗಲ್ಲ. ಅದರ ಮೂಲ ಹುಡುಕಲು ಎರಡು ವಾರ ಹಿಡಿಯಿತು.

ಎರಡನೆಯ ಬುಧವಾರ ಟೊಮೆಟೊ ಕಡಿಮೆ ಮಾಡಿದೆ. ಕೆರೆ ಬತ್ತಲಿಲ್ಲ. ಆಗ ಕಣ್ಣು ಬಿದ್ದದ್ದು ಸಿಂಕಿನ ಮೇಲೆ. ನಾನು ಬೆಳಿಗ್ಗೆ ಪೇಟೆ ಬೀದಿಯ ಕಡೆಯಿಂದ ಕೈಮ ತಂದು ಫ್ರಿಜ್ಜಿನಲ್ಲಿಟ್ಟು ರೈಲಿಗೆ ಓಡುತ್ತೇನೆ; ಸಂಜೆ ನಾನು ಬರುವ ಮೊದಲೇ ಅಮ್ಮ ಅದನ್ನು ಅರಿಶಿನದ ನೀರಿನಲ್ಲಿ ಮೂರು ಸಲ ತೊಳೆದು ಜರಡಿಗೆ ಹಾಕಿಟ್ಟಿರುತ್ತಾರೆ. ತೊಳೆಯದ ಮಾಂಸ ಒಲೆಯ ಹತ್ತಿರ ಬರುವುದು ಅವರ ಲೆಕ್ಕದಲ್ಲಿ ಸಾಧ್ಯವೇ ಇಲ್ಲ. ತುಂಡುಮಾಂಸಕ್ಕೆ ಅದು ನಡೆಯುತ್ತದೆ, ನೀರು ಜಾರಿ ಹೋಗುತ್ತದೆ. ಕೈಮ ಹಾಗಲ್ಲ, ಅದು ಸ್ಪಂಜು. ಮುಂದಿನ ಸಲ ತಕ್ಕಡಿಯ ಮೇಲಿಟ್ಟು ನೋಡಿದೆ: ತೊಳೆಯುವ ಮೊದಲು 500 ಗ್ರಾಂ, ತೊಳೆದು ಅರ್ಧ ಗಂಟೆ ಸೋರಿಸಿದ ಮೇಲೆ 560. ಅರವತ್ತು ಗ್ರಾಂ ನೀರನ್ನು ನಾನು ಮಾಂಸವೆಂದು ಬಾಣಲೆಗೆ ಸುರಿಯುತ್ತಿದ್ದೆ. ನೀರಿರುವಷ್ಟು ಹೊತ್ತು ಬಾಣಲೆಯಲ್ಲಿನ ಮಾಂಸ 100 ಡಿಗ್ರಿ ದಾಟುವುದಿಲ್ಲ. ಕಂದುಬಣ್ಣ, ಅದರ ಜೊತೆ ಬರುವ ಘಮ, ಅದಕ್ಕಿಂತ ಮೇಲೆ ಹೋದಾಗಲೇ ಶುರು. ಆದ್ದರಿಂದ ನನ್ನ ಕೈಮ ಹುರಿಯುತ್ತಿರಲಿಲ್ಲ, ಬೂದುಬಣ್ಣಕ್ಕೆ ತಿರುಗಿ ತನ್ನ ನೀರಿನಲ್ಲೇ ಬೇಯುತ್ತಿತ್ತು.

ತೊಳೆಯಬೇಡಿ ಎಂದು ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ. ರಾಜಿ ಹೀಗಾಯಿತು: ಅಂಗಡಿಯಲ್ಲಿ ಇಡೀ ತೊಡೆಯ ತುಂಡನ್ನು ತೊಳೆಸಿ, ಬಟ್ಟೆಯಿಂದ ಒರೆಸಿ, ಆಮೇಲೆ ಯಂತ್ರಕ್ಕೆ ಹಾಕಿಸುವುದು. ಅಂಗಡಿಯವನು ಒಮ್ಮೆ ನನ್ನ ಮುಖ ನೋಡಿದ, ಎರಡನೆಯ ವಾರದಿಂದ ತಾನೇ ಬಟ್ಟೆ ತೆಗೆದಿಟ್ಟ. ಅಮ್ಮನಿಗೆ "ತೊಳೆದದ್ದು" ಎಂದು ಹೇಳಿದರೆ ಸುಳ್ಳಾಗುವುದಿಲ್ಲ.

ಬಾಣಲೆಯಲ್ಲಿಯೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಕೈಮ ಬಿದ್ದ ಕೂಡಲೇ ಕೆದಕುವುದು ನಮ್ಮೆಲ್ಲರ ಚಾಳಿ. ಈಗ ಕಬ್ಬಿಣದ ಬಾಣಲೆ ಹೊಗೆಯಾಡುವಷ್ಟು ಕಾಯಲು ಬಿಡುತ್ತೇನೆ, ಒಂದು ಚಮಚ ಎಣ್ಣೆ, ಅರ್ಧ ಪಾಲು ಕೈಮ ಮಾತ್ರ. ಅದನ್ನು ದೋಸೆಯಂತೆ ಹರಡಿ ಒತ್ತಿ, ಕೈಕಟ್ಟಿ ಮೂರು ನಿಮಿಷ ನಿಲ್ಲುತ್ತೇನೆ. ಮೊದಲು ಬುಸುಗುಟ್ಟುವ ಸದ್ದು ಬರುತ್ತದೆ, ಅದು ನೀರಿನದು. ಆಮೇಲೆ ಸದ್ದು ತೆಳುವಾಗಿ ಚಟಪಟ ಎನ್ನುತ್ತದೆ, ಅದು ಕೊಬ್ಬಿನದು. ಆ ಬದಲಾವಣೆ ಕಿವಿಗೆ ಬಿದ್ದ ಮೇಲೆಯೇ ಸೌಟು ಮುಟ್ಟಬೇಕು. ತಿರುವಿ ಹಾಕಿದರೆ ಅಡಿಭಾಗ ಸುಟ್ಟ ಬೆಲ್ಲದ ಬಣ್ಣಕ್ಕೆ ಬಂದಿರುತ್ತದೆ. ಉಳಿದರ್ಧಕ್ಕೂ ಹೀಗೆಯೇ. ಬಾಣಲೆಯನ್ನು ಓರೆಮಾಡಿ ತೇಲಿದ ಕೊಬ್ಬನ್ನು ಚಮಚದಿಂದ ತೆಗೆದಿಡುತ್ತೇನೆ. ಅದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಕೊಳವೆಯೊಳಗೆ ಹೆಪ್ಪುಗಟ್ಟಿ ಮುಂದಿನ ದುರಸ್ತಿ ಅಲ್ಲೇ ಶುರುವಾಗುತ್ತದೆ.

ಮೂರನೆಯ ಬುಧವಾರ ಪಾತ್ರೆ ಒಳಗೆ ಹೋದ ಹತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ದೋಸೆ ಕಲ್ಲಿನ ಮೇಲೆ ಎಲ್ಲವನ್ನೂ ಮುಚ್ಚಿಟ್ಟು ಬಿಸಿ ಮಾಡಿ ಉಂಡೆವು. ಬರೆಯಲು ಹೆಚ್ಚೇನಿಲ್ಲ, ಒಂದನ್ನು ಬಿಟ್ಟು: ಕೈಮ ಒಣಗಿದ್ದರೂ ತಳದಲ್ಲಿ ತೆಳು ನೀರು ಮತ್ತೆ ನಿಂತಿತ್ತು. ಟೊಮೆಟೊ ಮತ್ತು ಸಾಸ್ ಸೇರಿ ಬಿಟ್ಟ ನೀರು ಅದು.

ಉತ್ತರ ಸಿಕ್ಕಿದ್ದು ಭಾನುವಾರ. ಅಮ್ಮ ಕೈಮ ಉಂಡೆ ಸಾರಿಗೆ ಕೈಮ ರುಬ್ಬುತ್ತಿದ್ದರು. ನಾನು ಈರುಳ್ಳಿ ಹೆಚ್ಚುತ್ತ ಕೂತಿದ್ದೆ. ರುಬ್ಬಿದ ಮುದ್ದೆ ಕೈಗಂಟುತ್ತಿತ್ತು. ಅಮ್ಮ ನೋಡದೆಯೇ ಪಕ್ಕದ ಡಬ್ಬಿಯಿಂದ ಒಂದು ಹಿಡಿ ಹುರಿಗಡಲೆ ಪುಡಿ ಹಾಕಿ ಕಲಸಿದರು. ಎರಡು ನಿಮಿಷ ಬಿಟ್ಟು ಮುಟ್ಟಿದರೆ ಉಂಡೆ ಅಂಗೈಯಿಂದ ಕಳಚಿಕೊಂಡು ನಿಂತಿತು, ಕುದಿಯುವ ಸಾರಿಗೆ ಬಿದ್ದರೂ ಒಡೆಯಲಿಲ್ಲ. ಐವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಕೈಮದ ನೀರನ್ನು ಹಿಡಿದು ಕಟ್ಟುತ್ತಿದ್ದದ್ದು ಹುರಿಗಡಲೆ. ಅದು ಮೊದಲೇ ಹುರಿದದ್ದು, ಹಸಿವಾಸನೆಯಿಲ್ಲ. ಕಡಲೆಹಿಟ್ಟಿನಂತೆ ಬೇಯಿಸುತ್ತ ಕೂರಬೇಕಿಲ್ಲ. "ಇದನ್ನು ಮೊದಲೇ ಹೇಳಬಾರದಿತ್ತೇ?" ಎಂದೆ. "ನೀನು ಅಮೆರಿಕದವರನ್ನು ಕೇಳುತ್ತಿದ್ದೆ" ಎಂದರು.

ನಾಲ್ಕನೆಯ ಬುಧವಾರ. ಇದನ್ನು ಗಡಿಯಾರ ಹಿಡಿದು ಬರೆದಿದ್ದೇನೆ.

ಏಳು ಐದಕ್ಕೆ ಒಂದು ಒಲೆಯ ಮೇಲೆ ಮ್ಯಾಕರೋನಿಗೆ ನೀರು, ಇನ್ನೊಂದರ ಮೇಲೆ ಬಾಣಲೆ. ಏಳೂಕಾಲಿನೊಳಗೆ 500 ಗ್ರಾಂ ಕೈಮ ಎರಡು ಕಂತಿನಲ್ಲಿ ಹುರಿದು ತಟ್ಟೆಗೆ. ಅದೇ ಬಾಣಲೆಗೆ ಎರಡು ಈರುಳ್ಳಿ, ಆರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ, ಎರಡು ಹಸಿಮೆಣಸಿನಕಾಯಿ. ಈರುಳ್ಳಿಯ ಹಸಿನೀರು ತಳಕ್ಕೆ ಕಚ್ಚಿದ ಕಂದು ಪದರವನ್ನು ಎಬ್ಬಿಸುತ್ತದೆ, ಕೆರೆಯುವ ಶ್ರಮವಿಲ್ಲ. ಮೂರು ಟೊಮೆಟೊ, ಒಂದು ಚಮಚ ಧನಿಯ, ಒಂದು ಚಮಚ ಮೆಣಸಿನಪುಡಿ, ಅರ್ಧ ಚಮಚ ಕಾಳುಮೆಣಸು, ಚಕ್ಕೆ ಲವಂಗದ ಪುಡಿ ಚಿಟಿಕೆ, ಉಪ್ಪು. ಕೈಮ ಮರಳಿ ಒಳಗೆ. ಮುಚ್ಚಿ ಹನ್ನೆರಡು ನಿಮಿಷ, ತೆರೆದು ಐದು ನಿಮಿಷ. ಸೌಟಿನಿಂದ ನಡುವೆ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಆಗ ಎರಡು ದೊಡ್ಡ ಚಮಚ ಹುರಿಗಡಲೆ ಪುಡಿ.

ಮ್ಯಾಕರೋನಿ 200 ಗ್ರಾಂ. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಇಳಿಸಬೇಕು, ಹಲ್ಲಿಗೆ ನಡುವೆ ಬಿಳಿ ಚುಕ್ಕೆಯಷ್ಟು ಗಟ್ಟಿ ಸಿಗಬೇಕು; ಉಳಿದದ್ದು ಓವನ್ನಿನಲ್ಲಿ ಸಾಸನ್ನು ಕುಡಿದು ಬೇಯುತ್ತದೆ. ತೆಳುನೀರನ್ನು ಕುಡಿಯುವ ಇನ್ನೊಂದು ಬಾಯಿ ಇದು.

ಡಬ್ಬಿಯ ಸೂಪಿನ ಬದಲು ಬಿಳಿ ಸಾಸ್: 40 ಗ್ರಾಂ ಬೆಣ್ಣೆ, 40 ಗ್ರಾಂ ಮೈದಾ, ಅರ್ಧ ಲೀಟರ್ ಗಟ್ಟಿ ಹಾಲು. ಮೈದಾವನ್ನು ಬೆಣ್ಣೆಯಲ್ಲಿ ರವೆ ಹುರಿದ ಘಮ ಬರುವವರೆಗೆ ಹುರಿದು, ಹಾಲನ್ನು ಮೊದಲು ಸೌಟು ಸೌಟಾಗಿ, ಆಮೇಲೆ ಧಾರೆಯಾಗಿ. ರಾಗಿ ಮುದ್ದೆಯನ್ನು ಗಂಟಿಲ್ಲದೆ ತಿರುವಲು ಬಲ್ಲವರಿಗೆ ಇದನ್ನು ಹೇಳಿಕೊಡುವ ಅಗತ್ಯವಿಲ್ಲ. ಅಮ್ಮ ಕೋಲು ಹುಡುಕುತ್ತಿದ್ದರು, ನಾನು ತಂತಿಯ ಕಡೆಗೋಲನ್ನೇ ಕೊಟ್ಟೆ.

ಓವನ್ನನ್ನು ಏಳು ನಲವತ್ತಕ್ಕೇ ಹಚ್ಚಿದ್ದೆ, ಹದಿನೆಂಟು ನಿಮಿಷದ ಪಾಠ ನೆನಪಿತ್ತು. ಎಂಟಕ್ಕೆ ಪಾತ್ರೆ ತುಂಬಿತು. ತಳದಲ್ಲಿ ಸಾಸ್ ಬೆರೆತ ಮ್ಯಾಕರೋನಿ ಅರ್ಧ, ನಡುವೆ ಕೈಮವೆಲ್ಲ, ಮೇಲೆ ಉಳಿದ ಮ್ಯಾಕರೋನಿ, ತುರಿದ ಮೊಜರೆಲ್ಲಾ ನೂರು ಗ್ರಾಂ. ಕ್ಯೂಬ್ ಚೀಸ್ ಒಂದೇ ಸಾಕೆಂದು ಮೊದಲು ಅಂದುಕೊಂಡಿದ್ದೆ. ಅದು ಕರಗಿ ಹರಡುವ ಬದಲು ಇದ್ದಲ್ಲೇ ಮೆತ್ತಗಾಗಿ ಚರ್ಮ ಕಟ್ಟುತ್ತದೆ. ಗರಿಗರಿಗಾಗಿ ಅಮೆರಿಕದವರು ಬಿಸ್ಕತ್ತು ಪುಡಿ ಉದುರಿಸುತ್ತಾರೆ. ನೂರಡಿ ರಸ್ತೆಯ ಬೇಕರಿಯಿಂದ ತಂದ ಖಾರ ಬಿಸ್ಕತ್ತು ನಾಲ್ಕನ್ನು ಅಂಗೈಯಲ್ಲಿ ಹಿಸುಕಿ ಹಾಕಿದೆ. ಕರಿಬೇವು, ಮೆಣಸು, ಬೆಣ್ಣೆ ಎಲ್ಲ ಅದರಲ್ಲೇ ಇದೆ. ಇಡೀ ಪಾಕದಲ್ಲಿ ನನಗೆ ಅತ್ಯಂತ ಹೆಮ್ಮೆ ಈ ನಾಲ್ಕು ಬಿಸ್ಕತ್ತಿನ ಬಗ್ಗೆ.

ಎಂಟು ಇಪ್ಪತ್ತೈದಕ್ಕೆ ಅಂಚುಗಳಲ್ಲಿ ಗುಳ್ಳೆ ಏಳುತ್ತಿತ್ತು. ನಡುಭಾಗಕ್ಕೆ ಚುಚ್ಚುವ ಉಷ್ಣಮಾಪಕ ಇಳಿಸಿದರೆ 78 ಡಿಗ್ರಿ. ಕೈಮಕ್ಕೆ 71 ದಾಟಲೇಬೇಕು ಎನ್ನುವುದು ಸುಮ್ಮನೆ ಮಾಡಿದ ನಿಯಮವಲ್ಲ: ತುಂಡಿನ ಮೇಲ್ಮೈಯಲ್ಲಷ್ಟೇ ಇರುವ ಸೂಕ್ಷ್ಮಜೀವಿಗಳನ್ನು ಯಂತ್ರ ಒಳಗೆಲ್ಲ ಹರಡಿರುತ್ತದೆ. ಬಾಣಲೆಯಲ್ಲೇ ಬೆಂದದ್ದರಿಂದ ನಮಗೆ ಚಿಂತೆಯಿರಲಿಲ್ಲ, ಆದರೂ ಮುಳ್ಳು ನೋಡದಿದ್ದರೆ ನನಗೆ ಊಟ ಸೇರುವುದಿಲ್ಲ. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟಿನ ಮೇಲಿಟ್ಟರೆ ಬಿರುಕು ಬಿಡಬಹುದು. ಮಣೆಯ ಮೇಲಿಟ್ಟು ಹತ್ತು ನಿಮಿಷ ಯಾರೂ ಮುಟ್ಟದಂತೆ ಕಾವಲು ಕಾದೆ. ಈ ಹತ್ತು ನಿಮಿಷದಲ್ಲಿ ಸಾಸ್ ಗಟ್ಟಿಯಾಗುತ್ತದೆ. ಹೆಂಡತಿ ಅಷ್ಟರಲ್ಲಿ ಬಂದು ಕೈಕಾಲು ತೊಳೆದಳು.

ಚಾಕು ಇಳಿಸಿ ಚೌಕವಾಗಿ ಕತ್ತರಿಸಿ ಎತ್ತಿದೆ. ತುಂಡು ತುಂಡಾಗಿಯೇ ಬಂತು. ಬಿಳಿ, ಕಂದು, ಬಿಳಿ, ಮೇಲೆ ಬಂಗಾರ. ತಳದಲ್ಲಿ ಗಾಜು ಒಣಗಿ ಹೊಳೆಯುತ್ತಿತ್ತು. ಮಗ ಬಗ್ಗಿ ನೋಡಿ "ಕೆರೆ ಎಲ್ಲಿ?" ಎಂದು ಕೇಳಿದ, ಸ್ವಲ್ಪ ಬೇಸರದಿಂದ. ಮಗಳು ಮೂಲೆಯ ಕರುಕಲನ್ನು ಮೊದಲೇ ಕಾಯ್ದಿರಿಸಿಕೊಂಡಳು. ಅಮ್ಮ ಮುದ್ದೆಯ ಜೊತೆಗೇ ಉಂಡರು, ಆದರೆ ಎರಡನೆಯ ತುಂಡನ್ನು ಬರೀ ತುಂಡಾಗಿಯೇ ಹಾಕಿಸಿಕೊಂಡರು.

ಒಂದೇ ಪಾತ್ರೆಯ ಮಾತಿಗೆ ಬಂದರೆ, ಅಂದು ಸಿಂಕಿನಲ್ಲಿ ಬಿದ್ದವು ಬಾಣಲೆ, ಮ್ಯಾಕರೋನಿಯ ತಪ್ಪಲೆ, ಸಾಸಿನ ಪಾತ್ರೆ, ಜರಡಿ, ತುರಿಮಣೆ, ಕೈಮ ತೆಗೆದಿಟ್ಟ ತಟ್ಟೆ, ಗಾಜಿನದು. ಏಳು. ಎಣಿಸಿ ಬರೆದಿದ್ದೇನೆ.

ಎರಡು ತುಂಡು ಉಳಿದಿತ್ತು. ಬೆಳಿಗ್ಗೆ ಡಬ್ಬಿಗೆ ಒಯ್ಯೋಣವೆಂದು ಅಡುಗೆಮನೆಗೆ ಹೋದರೆ ಫ್ರಿಜ್ಜಿನಲ್ಲಿ ಇರಲಿಲ್ಲ. ಅಮ್ಮ ರಾತ್ರಿ ಬಿಸಿಯಿರುವಾಗಲೇ ಅದನ್ನು ಅದರ ಹೆಸರಿನ ಜಾಗಕ್ಕೇ ಸೇರಿಸಿದ್ದರು: ಹೊಸ ಪೆಟ್ಟಿಗೆ ಒಡೆದು, ಮೂರನೆಯ ಕ್ಯಾಸರೋಲ್ ಡಬ್ಬಿಗೆ. ಮುಚ್ಚಳ ತೆಗೆದೆ. ಒಳಗೆಲ್ಲ ಹನಿಹನಿ ಬೆವರು. ಖಾರ ಬಿಸ್ಕತ್ತು ನೆನೆದು ಅವಲಕ್ಕಿಯಾಗಿತ್ತು, ಇಡೀ ರಾತ್ರಿ ಬೆಚ್ಚಗೆ ಕೂತದ್ದನ್ನು ತಿನ್ನುವ ಹಾಗೂ ಇರಲಿಲ್ಲ, ಮತ್ತೆ ಡಬ್ಬಿಯ ತಳದಲ್ಲಿ, ಕಾಲು ಬೆರಳಿನಷ್ಟು, ಕೆಂಪು ನೀರು.